ಮಡ್ಡಿಯ ಮೇಲೆ ಯಾರೂ ಇಲ್ಲ

ಕಾಡವ್ವನ ಕೆಲಸ ತಲೆಯ ಮೇಲೆ ಬೆಳಕು ಹೊರುವುದು. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕಿನಲ್ಲಿ ಯಾರ ಮನೆಯ ಮದುಮಗ ಕುದುರೆ ಹತ್ತಿದರೂ, ಯಾವ ಪುಢಾರಿ ಗೆದ್ದು ಗುಲಾಲು ಎರಚಿಸಿಕೊಂಡು ಊರು ಸುತ್ತಿದರೂ, ಕೊಣ್ಣೂರಿನ ನಬಿಲಾಲನ ಲೈಟು ಬೇಕು. ಲೈಟು ನಬಿಲಾಲನದು. ತಲೆ ಕಾಡವ್ವನದು.

ಕಬ್ಬಿಣದ ಚೌಕಟ್ಟು. ಅದರ ಮೇಲೆ ಗಿಡದ ಹಾಗೆ ಕವಲೊಡೆದ ಪೈಪು, ಪೈಪಿನ ತುದಿಗೆಲ್ಲ ಬಣ್ಣದ ಬಲ್ಬು. ಹಳೆ ಸೀರೆಯ ಸಿಂಬಿ ಸುತ್ತಿ ಅದನ್ನು ನೆತ್ತಿಯ ಮೇಲಿಟ್ಟುಕೊಳ್ಳಬೇಕು. ಎರಡೂ ಕೈ ಮೇಲೆತ್ತಿ ಹಿಡಿದಿರಬೇಕು. ಒಬ್ಬಳ ಲೈಟಿನಿಂದ ಇನ್ನೊಬ್ಬಳ ಲೈಟಿಗೆ ವೈರು. ಕೊನೆಯವಳಿಂದ ಹಿಂದೆ ಬರುವ ಟಂಟಂ ಗಾಡಿಯ ಜನರೇಟರಿಗೆ ವೈರು. ಎಂಟು ಹೆಂಗಸರು ಒಂದೇ ಹಗ್ಗಕ್ಕೆ ಬಿಗಿದ ದನಗಳ ಹಾಗೆ ನಡೆಯಬೇಕು. ಡಿಜೆ ನಿಂತಲ್ಲಿ ನಿಲ್ಲಬೇಕು. ಹುಡುಗರು ಕುಣಿದು ದಣಿಯುವವರೆಗೆ ನಿಲ್ಲಬೇಕು. ಮೂಗು ತುರಿಸಿದರೆ ಕೆರೆದುಕೊಳ್ಳುವಂತಿಲ್ಲ. ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಉಚ್ಚೆ ಬಂದರೆ ಕಟ್ಟಿಕೊಳ್ಳಬೇಕು. ವರ್ಷಗಟ್ಟಲೆ ಹೊತ್ತು ಕಾಡವ್ವನ ಕುತ್ತಿಗೆಯ ನರ ಬಿಗಿದು ಹೋಗಿತ್ತು. ನೆಲ ನೋಡಬೇಕೆಂದರೆ ಸೊಂಟ ಬಗ್ಗಿಸಬೇಕು. ಊರವರು, "ಭಾಳ ಸೊಕ್ಕಿನಾಕಿ, ಯಾರ ಮುಂದೂ ತಲಿ ಬಗ್ಗಸಂಗಿಲ್ಲ" ಅನ್ನುತ್ತಿದ್ದರು.

ಈ ಕಾಡವ್ವನ ಮನೆಯಲ್ಲಿ ಲೈಟಿರಲಿಲ್ಲ.

ಮೊದಲು ಇತ್ತು. ಹೊಳೆ ದಂಡೆಯ ಮಾದರ ಓಣಿಯಲ್ಲಿ ಮಣ್ಣಿನ ಗೋಡೆಯ ಮನೆ, ಒಂದು ಬಲ್ಬು, ಒಂದು ಮೀಟರು. ಎರಡು ಸಾವಿರದ ಹತ್ತೊಂಬತ್ತರ ಶ್ರಾವಣದಲ್ಲಿ ಘಟಪ್ರಭಾ ಹೊಳೆ ಏರಿ ಬಂತು. ಗೋಡೆ ಕರಗಿತು. ಮೀಟರು ತೇಲಿ ಹೋಯಿತು. ಓಣಿಗೆ ಬೆನ್ನು ಹಚ್ಚಿದ್ದ ಮುಸಲ್ಮಾನರ ಮನೆಗಳೂ ಹೋದವು. ಅದರಲ್ಲಿ ಗುಡುಬಿಯದೂ ಒಂದು. ಗುಡುಬಿ ಗಂಡ ಸತ್ತವಳು, ಕಾಡವ್ವನ ಮುಂದೆ ಲೈಟು ಹೊತ್ತು ನಡೆಯುವವಳು. ಬಾಯಿ ಸ್ವಲ್ಪ ಜೋರು.

ಆಗ ಊರಿನ ಕಬ್ಬಿನ ಸಾವಕಾರ ಸತ್ಯಪ್ಪ ಟ್ರ್ಯಾಕ್ಟರು ತಂದು, ಎಲ್ಲರನ್ನೂ ಹೇರಿಕೊಂಡು ಹೋಗಿ ಊರಾಚೆಯ ಮಡ್ಡಿಯ ಮೇಲೆ ಇಳಿಸಿದ್ದ. ಕಲ್ಲುನೆಲ, ಜಾಲಿ ಮುಳ್ಳು. "ಆರು ತಿಂಗಳ ಇಲ್ಲಿ ಇರ್ರಿ. ಅಷ್ಟರಾಗ ಪಕ್ಕಾ ಮನಿ ಕಟ್ಟಿಸಿ ಕೊಡ್ತೀನಿ" ಅಂದಿದ್ದ. ಮನೆಗೊಂದು ನೀಲಿ ತಾಡಪತ್ರಿ ಹಂಚಿ ಫೋಟೋ ತೆಗೆಸಿಕೊಂಡಿದ್ದ. ಆ ಆರು ತಿಂಗಳು ಇನ್ನೂ ಮುಗಿದಿಲ್ಲ.

ಮಡ್ಡಿಯ ಮೇಲೆ ಕರೆಂಟಿಗೇನೂ ಬರ ಇರಲಿಲ್ಲ. ಆಳೆತ್ತರದ ಕಂಬ ಅಲ್ಲ, ಗುಡಿಯ ಶಿಖರದಷ್ಟು ಎತ್ತರದ ಟವರು. ಅದರಿಂದ ಇಳಿಬಿದ್ದ ದಪ್ಪ ತಂತಿಗಳು ಗುಡಿಸಲುಗಳ ನೆತ್ತಿಯ ಮೇಲೇ ಹಾಯ್ದು ಹೋಗಿದ್ದವು. ಮಳೆ ಹನಿದರೆ ಜೇನುಹುಟ್ಟಿನಂತೆ ಗುಂಯ್ ಅನ್ನುತ್ತಿದ್ದವು. ಕಾಡವ್ವ ಮೀಟರು ಕೇಳಲು ಕರೆಂಟಿನ ಆಫೀಸಿಗೆ ಹೋದಾಗ ಅಲ್ಲಿದ್ದವನು ತಾಳ್ಮೆಯಿಂದಲೇ ತಿಳಿಸಿ ಹೇಳಿದ.

"ನೋಡವಾ, ದೊಡ್ಡ ಲೈನಿನ ಕೆಳಗ ಮನಿ ಇರಬಾರದಂತ ಕಾನೂನ ಐತಿ. ಇರಬಾರದ ಮನಿ ಅಂದ್ರ ಇಲ್ಲದ ಮನಿ. ಇಲ್ಲದ ಮನಿಗಿ ಮೀಟರ ಹ್ಯಾಂಗ ಕೊಡೂದು?"

"ಹಂಗಾರ ನಾವು ಎಲ್ಲಿ ಇರೂಣ್ರಿ?"

"ಅದು ನಮ್ಮ ಇಲಾಖೆ ಅಲ್ಲವಾ."

ಗೋಕಾಕದ ಫಾಲ್ಸಿನಲ್ಲಿ ಬ್ರಿಟಿಷರ ಕಾಲಕ್ಕೇ ನೀರಿನಿಂದ ಕರೆಂಟು ತೆಗೆದಿದ್ದರು. ಇಡೀ ದೇಶ ಬುಡ್ಡಿ ಹಚ್ಚಿಕೊಂಡಿದ್ದಾಗ ಇಲ್ಲಿ ಗಿರಣಿ ಓಡುತ್ತಿತ್ತು ಎಂದು ಸಾಲಿಯ ಮಾಸ್ತರು ಈಗಲೂ ಎದೆ ಉಬ್ಬಿಸಿ ಹೇಳುತ್ತಾರೆ. ಫಾಲ್ಸಿನಿಂದ ಮಡ್ಡಿಗೆ ಮುದುಕಿಯೂ ನಡೆದು ಬರುವಷ್ಟು ದೂರ. ಕರೆಂಟು ಅಲ್ಲಿಂದ ಹೊರಟು ನೂರು ವರ್ಷದ ಮೇಲಾಯಿತು, ಇನ್ನೂ ಬರುತ್ತಲೇ ಇದೆ.

ಹೀಗಿರುವಾಗ ದೂರದ ಒಂದು ಕಂಪನಿ ಘಟಪ್ರಭಾ ದಂಡೆಯಲ್ಲಿ ಅಣುವಿದ್ಯುತ್ ಸ್ಥಾವರ ಕಟ್ಟುವ ವಿಚಾರ ತೆಗೆಯಿತು. ಕಟ್ಟುವ ಮೊದಲು ಜನರ ಮನಸ್ಸು ಹದ ಮಾಡಬೇಕಲ್ಲ. ಅದಕ್ಕಾಗಿ 'ತಂಪು ಭೂಮಿ ಯಾತ್ರೆ' ಎಂದು ಹೆಸರಿಟ್ಟು ಊರೂರಿಗೆ ಮೆರವಣಿಗೆ, ಸಭೆ, ಊಟ. ಸ್ಥಳೀಯ ಉಸ್ತುವಾರಿ ಸತ್ಯಪ್ಪ ಸಾವಕಾರನದು. ಸಂಜೆಯ ಮೆರವಣಿಗೆಗೆ ಬೆಳಕು ಬೇಕಿತ್ತು. ನಬಿಲಾಲನ ಎಂಟು ಹೆಂಗಸರು ಹುಕ್ಕೇರಿಗೆ ಹೊರಟರು.

ಹುಕ್ಕೇರಿಯಲ್ಲಿ ಭಾಷಣ ಮಾಡಿದವಳು ಅನ್ನಪೂರ್ಣಾ ಮೇಡಂ. ಕಂಪನಿಯ ಪ್ರಚಾರದ ಮುಖ್ಯಸ್ಥೆ. ಕೈಮಗ್ಗದ ಸೀರೆ, ನಗುಮುಖ, ಪುಸ್ತಕದ ಕನ್ನಡ. ಕೆಟ್ಟ ಹೆಂಗಸಲ್ಲ. ಪುಢಾರಿಯಿಂದ ಹಿಡಿದು ಪೆಂಡಾಲು ಹಾಕುವವನವರೆಗೆ ಎಲ್ಲರಿಗೂ 'ನೀವು' ಅನ್ನುತ್ತಿದ್ದಳು. ಬೆಳಕು ಹೊರುವವರಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಕಂಬಕ್ಕೆ ಯಾರಾದರೂ ನಮಸ್ಕಾರ ಮಾಡುತ್ತಾರೆಯೇ?

"ಭೂಮಿಗೆ ಜ್ವರ ಬಂದಿದೆ" ಅಂದಳು ಮೇಡಂ. "ಕಲ್ಲಿದ್ದಲಿನ ಹೊಗೆ ಆಕಾಶಕ್ಕೆ ಕಂಬಳಿ ಹೊದಿಸಿದೆ. ಅದಕ್ಕೇ ಬಿಸಿಲು ಏರುತ್ತಿದೆ. ವರ್ಷದ ಮಳೆ ನಾಲ್ಕು ದಿನದಲ್ಲಿ ಸುರಿಯುತ್ತಿದೆ. ಹೊಳೆ ಮನೆಗೆ ನುಗ್ಗುತ್ತಿದೆ. ಹಾಗಂತ ಕರೆಂಟು ಬೇಡ ಅನ್ನಲಾದೀತೆ? ಬಿಸಿಲಿನ ಕರೆಂಟು ಸಂಜೆಗೆ ಮಲಗುತ್ತದೆ. ಗಾಳಿಯ ಕರೆಂಟು ಗಾಳಿ ನಿಂತರೆ ನಿಲ್ಲುತ್ತದೆ. ಹೊಗೆ ಬಿಡದೆ ಹಗಲು ರಾತ್ರಿ ದುಡಿಯುವುದು ಅಣು ಒಂದೇ."

ಕಾಡವ್ವ ಲೈಟಿನ ಕೆಳಗೆ ನಿಂತು ಕೇಳಿದಳು. ಮನಸ್ಸಿಟ್ಟು ಕೇಳಿದಳು. ಹೊಳೆ ತನ್ನ ಮನೆಗೆ ಯಾಕೆ ಬಂತು ಎಂದು ಅವಳು ಎಷ್ಟೋ ಜನರನ್ನು ಕೇಳಿದ್ದಳು. ಸ್ವಾಮಿಗಳು 'ಕರ್ಮ' ಅಂದಿದ್ದರು. ಸಾವಕಾರ 'ದೈವೇಚ್ಛೆ' ಅಂದಿದ್ದ. ಆಫೀಸಿನವರು 'ಅದು ನಮ್ಮ ಇಲಾಖೆ ಅಲ್ಲ' ಅಂದಿದ್ದರು. ಈ ಮೇಡಂ ಮೊದಲ ಸಲ 'ಹೊಗೆ' ಅಂದಳು. ಹೊಗೆ ಅಂದರೆ ಯಾರೋ ಹಚ್ಚಿದ್ದು. ಅಂದರೆ ತಪ್ಪು ತನ್ನದಲ್ಲ. ಕಾಡವ್ವನ ಎದೆಯ ಮೇಲಿನ ಒಂದು ಕಲ್ಲು ಸರಿದಂತಾಯಿತು.

ಅಷ್ಟರಲ್ಲಿ ಮೇಡಂ ಕೆಮ್ಮಿದಳು. ಮತ್ತೆ ಕೆಮ್ಮಿದಳು. ನಬಿಲಾಲನ ಜನರೇಟರು ಡೀಸೆಲ್ಲಿನ ಕಪ್ಪು ಹೊಗೆಯನ್ನು ನೇರ ವೇದಿಕೆಗೆ ಊದುತ್ತಿತ್ತು.

"ಅದನ್ನು ಸ್ವಲ್ಪ ಹಿಂದಕ್ಕೆ ಹಾಕಿಸಿ, ಪ್ಲೀಸ್."

ಸತ್ಯಪ್ಪ ಕೈ ಬೀಸಿದ. ನಬಿಲಾಲ ಗಾಡಿಯನ್ನು ಹಿಂದಕ್ಕೆ ತಂದು ಬೆಳಕಿನ ಹೆಂಗಸರ ಬೆನ್ನಿಗೇ ನಿಲ್ಲಿಸಿದ. ವೇದಿಕೆಯ ಗಾಳಿ ತಿಳಿಯಾಯಿತು. ಶುದ್ಧ ಗಾಳಿಯ ಮಹತ್ವದ ಕುರಿತು ಭಾಷಣ ಮುಂದುವರಿಯಿತು. ಸಭೆ ಮುಗಿಯುವ ಹೊತ್ತಿಗೆ ಗುಡುಬಿಯ ಮೂಗಿನ ಹೊಳ್ಳೆ ಒಲೆಯ ಬಾಯಿಯಂತೆ ಕಪ್ಪಾಗಿತ್ತು.

"ಭೂಮಿಗಿ ಜ್ವರಾ ಬಂದೈತಂತ" ಅಂದಳು ಗುಡುಬಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ನಮಗ ಕ್ಷಯ ಬರೂತನಕ ಇದು ಇಳಿಯಂಗಿಲ್ಲ ಕಾಣತೈತಿ."

ಮರುವಾರ ಮೂಡಲಗಿ. ಅಲ್ಲಿ ಊಟ ಜೋರು. ಪರಿಸರಕ್ಕೆ ಹಾನಿಯಾಗಬಾರದೆಂದು ಬಂದವರಿಗೆಲ್ಲ ಮುತ್ತುಗದ ಎಲೆಯಲ್ಲಿ ಬಡಿಸಿದರು. ಬೆಳಕಿನ ಹೆಂಗಸರನ್ನು ಪಂಕ್ತಿಗೆ ಕರೆಯಲಿಲ್ಲ. ಅವರು ಜನರೇಟರಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಪಾಲಿನ ಅನ್ನ, ಸಾರು, ಶಿರಾ ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಂತು. "ಎಲಿ ಕಡಿಮಿ ಬಿದ್ದುವು" ಅಂದ ಬಡಿಸುವವನು. ಎಲೆಯ ಕಟ್ಟು ಅವನ ಬಗಲಲ್ಲೇ ಇತ್ತು.

ಕೈ ತೊಳೆಯಲು ಮೇಡಂ ಅತ್ತ ಬಂದಳು. ಕಾಡವ್ವ ಎದ್ದು ನಿಂತಳು. ಹುಕ್ಕೇರಿಯಿಂದ ಅವಳ ಹೊಟ್ಟೆಯಲ್ಲೊಂದು ಮಾತು ಕೂತಿತ್ತು.

"ಬಾಯಾರ, ಒಂದ ಮಾತ ಕೇಳಲೇನ್ರಿ?"

ಕಂಬ ಮಾತಾಡಿತೆಂದು ಮೇಡಂ ಒಂದು ಗಳಿಗೆ ಬೆಚ್ಚಿದಳು. ಆಮೇಲೆ ನಕ್ಕಳು. "ಕೇಳಿ, ಕೇಳಿ."

"ನೀವು ಮಾಡೂ ಕರೆಂಟ ನಮ್ಮಂಥಾವರ ಮನಿಗೂ ಬರತೈತೇನ್ರಿ?"

"ಖಂಡಿತ. ಸ್ಥಾವರದಿಂದ ದೊಡ್ಡ ಲೈನಿಗೆ ಹೋಗುತ್ತದೆ. ದೊಡ್ಡ ಲೈನಿನಿಂದ ಎಲ್ಲರಿಗೂ."

"ದೊಡ್ಡ ಲೈನ ಅಂದ್ರ ಈ ಟವರದ್ದೇನ್ರಿ?"

"ಹೌದು, ಅದೇ."

"ಅದು ಈಗೂ ನಮ್ಮ ತಲಿ ಮ್ಯಾಲ ಐತ್ರಿ ಬಾಯಾರ. ಹೋಗತೈತಿ. ಇಳಿಯೂದಿಲ್ಲ."

ಮೇಡಂ ಯೋಚಿಸಿದಳು. "ಅದು ವಿತರಣೆಯ ಸಮಸ್ಯೆ ಅಮ್ಮ. ನಾವು ಉತ್ಪಾದನೆಯವರು" ಅಂದು, ಕಾಡವ್ವನ ಹೆಗಲು ಮುಟ್ಟಬೇಕೆಂದು ಕೈ ಚಾಚಿ, ಕೈ ಒದ್ದೆಯಿದೆಯೆಂದು ಹಿಂತೆಗೆದುಕೊಂಡಳು.

"ಏನಂದ್ಳ?" ಗುಡುಬಿ ಕೇಳಿದಳು.

"ಅವರೂ ಬ್ಯಾರೆ ಇಲಾಖೆದವರಂತ."

ಕೊನೆಯ ಸಭೆ ಕೊಣ್ಣೂರಿನದು. ತಮ್ಮದೇ ಊರು. ಮಂಗಲ ಕಾರ್ಯಾಲಯದ ಬಯಲಿನಲ್ಲಿ ಪೆಂಡಾಲು. ಮೆರವಣಿಗೆ ಅಲ್ಲಿಗೆ ಬಂದು ಮುಟ್ಟಿದಾಗ ಹೊತ್ತು ಮುಳುಗಿತ್ತು. ಆಗಲೇ ಊರಿನ ಕರೆಂಟು ಹೋಯಿತು. ವೇದಿಕೆಯ ಲೈಟು, ಮೈಕು, ದೊಡ್ಡ ಪರದೆ, ಎಲ್ಲವನ್ನೂ ನಬಿಲಾಲನ ಜನರೇಟರಿಗೇ ಜೋಡಿಸಿದರು. ಅದು ಏದುಸಿರು ಬಿಡತೊಡಗಿತು. ವೇದಿಕೆಯ ಲೈಟು ಸಾಲದೆಂದು ಎಂಟೂ ಹೆಂಗಸರನ್ನು ವೇದಿಕೆಯ ಮುಂದೆ, ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು ಜನ, ನಿಲ್ಲಿಸಿದರು.

ಈ ಸಲ ಜನ ಸುಮ್ಮನೆ ಊಟಕ್ಕೆ ಬಂದಿರಲಿಲ್ಲ. ಕಬ್ಬಿನ ರೈತರು ಹುಬ್ಬು ಗಂಟಿಕ್ಕಿ ಕೂತಿದ್ದರು. ಸ್ಥಾವರ ಎಲ್ಲಿ ಬರುತ್ತದೆ, ಯಾರ ಹೊಲ ಹೋಗುತ್ತದೆ ಎಂಬ ಗುಸುಗುಸು ಹಬ್ಬಿತ್ತು. ಹೊಳೆಪ್ಪ ಎಂಬ ಮುದುಕ ರೈತ ಎದ್ದು ನಿಂತು ಕೇಳಿಯೇಬಿಟ್ಟ.

"ಅದೆಲ್ಲಾ ಖರೆ ಇರಬೇಕ್ರಿ ಬಾಯಾರ. ಎಲ್ಲಿ ಕಟ್ಟತೀರಿ, ಅದನ್ನ ಹೇಳ್ರಿ ಮೊದಲ."

ಸತ್ಯಪ್ಪ ಮೈಕು ಕಸಿದುಕೊಂಡ. "ಹೊಳೆಪ್ಪಣ್ಣ, ಕೂಡು. ನಾ ಇರೂತನಕ ಯಾರ ಹೊಲಾನೂ ಹೋಗಂಗಿಲ್ಲ. ಯಾರ ಮನಿನೂ ಹೋಗಂಗಿಲ್ಲ. ಒಂದ ಬಾವಿ ಸುದ್ದಾ ಮುಚ್ಚಂಗಿಲ್ಲ. ನಾ ನಿಂತು ಜಾಗಾ ತೋರಿಸೀನಿ. ಮಡ್ಡಿ! ನಮ್ಮ ಮಡ್ಡಿ! ಅಲ್ಲಿ ಹುಲ್ಲ ಕಡ್ಡಿ ಬೆಳಿಯಂಗಿಲ್ಲ. ನರಮನಶ್ಯಾ ಇಲ್ಲ."

ಚಪ್ಪಾಳೆ ಬಿತ್ತು. ಮಳೆ ಬಿದ್ದ ಹಾಗೆ ಬಿತ್ತು. ಹುಬ್ಬುಗಳೆಲ್ಲ ಸಡಿಲವಾದವು. ಹೊಳೆಪ್ಪ ಕೂತು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಪರದೆಯ ಮೇಲೆ ಚಿತ್ರ ಬಂತು. ಆಕಾಶದಿಂದ ತೆಗೆದ ಚಿತ್ರ. ಹೊಳೆಯ ತಿರುವು, ಕೆಂಪು ಮಣ್ಣಿನ ಹಾದಿ, ಟವರಿನ ನೆರಳು. ಅದರ ಸುತ್ತ ಹಸಿರು ಗೆರೆ ಎಳೆದು ದೊಡ್ಡ ಅಕ್ಷರದಲ್ಲಿ 'ಮಾನವ ವಸತಿ ರಹಿತ ಪ್ರದೇಶ' ಎಂದು ಬರೆದಿದ್ದರು. ಗೆರೆಯ ಒಳಗೆ ನೀಲಿ ನೀಲಿ ಚುಕ್ಕೆ.

"ಆ ನೀಲಿ ಏನ್ರಿ?" ಯಾರೋ ಕೂಗಿದರು.

"ಮಳೆನೀರಿನ ಹೊಂಡಗಳು" ಅಂದಳು ಮೇಡಂ, ಪ್ರೀತಿಯಿಂದ. "ಹಕ್ಕಿಗಳು ಬರುತ್ತವೆ. ಕಂಪನಿ ಅವುಗಳನ್ನು ಅಭಿವೃದ್ಧಿ ಮಾಡುತ್ತದೆ."

ಕಾಡವ್ವ ಅಕ್ಷರ ಬಲ್ಲವಳಲ್ಲ. ಆದರೆ ತನ್ನ ಮನೆಯ ಮಾಡು ಯಾರಿಗೆ ಗೊತ್ತಾಗುವುದಿಲ್ಲ? ಟವರಿಗೆ ಹತ್ತಿರದ ಆ ನೀಲಿ ಚೌಕ, ಮೂಲೆಯಲ್ಲಿ ಬಿಳಿ ತೇಪೆ. ಹೋದ ಮಳೆಗಾಲ ತಾಡಪತ್ರಿ ಹರಿದಾಗ ಸಿಮೆಂಟಿನ ಚೀಲ ಸೇರಿಸಿ ಅವಳೇ ಹೊಲಿದದ್ದು. ಅದರ ಕೆಳಗೆ ಈಗ ಅವಳ ಅತ್ತೆ ಮುದಕವ್ವ ಕತ್ತಲಲ್ಲಿ ರೊಟ್ಟಿ ಬಡಿಯುತ್ತಿರಬೇಕು. ಹೊಂಡದಲ್ಲಿ ಕೂತು ರೊಟ್ಟಿ ಬಡಿಯುತ್ತಿರಬೇಕು.

"ಯಾ ಅಲ್ಲಾ" ಗುಡುಬಿ ಪಿಸುಗುಟ್ಟಿದಳು. "ಕಾಡವ್ವಾ, ನನ್ನ ಮನಿ ಹೊಂಡ ಮಾಡ್ಯಾರಲ್ಲ!"

ಕಾಡವ್ವನ ಹೊಟ್ಟೆಯಿಂದ ಮಾತು ತಾನಾಗಿ ಎದ್ದು ಬಂತು.

"ಬಾಯಾರ, ಅವು ಹೊಂಡ ಅಲ್ರಿ. ತಾಡಪತ್ರಿ. ನಮ್ಮ ಮನಿ ಅವು."

ಅವಳು ಮೇಡಂ ಕಡೆ ತಿರುಗಿದ್ದಳು. ತಲೆಯ ಮೇಲಿನ ಬೆಳಕೂ ತಿರುಗಿತ್ತು. ಅದಕ್ಕೇ ಎಲ್ಲರೂ ನೋಡಿದರು. ಇಲ್ಲದಿದ್ದರೆ ಯಾರೂ ನೋಡುತ್ತಿರಲಿಲ್ಲ.

"ಏ ಲೈಟಿನಾಕಿ, ಸುಮ್ಮ ನಿಂದರ" ಅಂದ ಸತ್ಯಪ್ಪ.

"ಸಾವಕಾರ್ರ, ನೀವ ಕೊಟ್ಟ ತಾಡಪತ್ರಿ ಅದಾವ್ರಿ. ನೀವ ಟ್ರ್ಯಾಕ್ಟರನ್ಯಾಗ ತಂದು ಇಳಿಸೀರಿ."

"ಆರು ತಿಂಗಳ ಮಟ್ಟಿಗಿ ತಾತ್ಪೂರ್ತಿಕ ಇಳಿಸೀನಿ. ಅದು ಊರ ಅಲ್ಲ."

"ಹೋದ ಇಲೆಕ್ಷನದಾಗ ಮಡ್ಡಿಗಿ ಜೀಪ ಕಳಿಸಿದ್ರಲ್ಲ. ಯಾರನ್ನ ಕರಕೊಂಡ ಹೋಗಾಕ ಕಳಿಸಿದ್ರಿ? ಹಕ್ಕೀನ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸತ್ಯಪ್ಪನ ಮುಖ ಬೆಲ್ಲದ ಕೊಪ್ಪರಿಗೆಯ ಹಾಗೆ ಬಿಸಿಯಾಯಿತು. ಮೇಡಂ ಅವನತ್ತ ಬಾಗಿ ಕೇಳಿದಳು. ಅವನು ಏನೋ ಉಸುರಿದ. ಮೇಡಂ ಮೈಕಿಗೆ ಬಾಯಿಟ್ಟಳು. ನಗು ಹಾಗೇ ಇತ್ತು, ಸ್ವಲ್ಪ ಒಣಗಿತ್ತು.

"ಅಮ್ಮ, ದಾಖಲೆಯ ಪ್ರಕಾರ ಅಲ್ಲಿ ವಸತಿ ಇಲ್ಲ. ನಿಮ್ಮ ಅನಿಸಿಕೆಯನ್ನು ಗಮನಿಸಿದ್ದೇವೆ. ವಂದನಾರ್ಪಣೆ ಆದ ಮೇಲೆ ಪ್ರಶ್ನೆಗೆ ಸಮಯ ಇದೆ."

ಮನೆ ಇದೆ ಅನ್ನುವುದು ಅನಿಸಿಕೆಯಾಯಿತು.

ವಂದನಾರ್ಪಣೆಗೆ ಮೊದಲು ಠರಾವು. ಭೂಮಿಯ ಜ್ವರ ಇಳಿಸುವ ಈ ಮಹಾಕಾರ್ಯಕ್ಕೆ ಕೊಣ್ಣೂರಿನ ಸಮಸ್ತ ಜನರ ಒಪ್ಪಿಗೆ ಇದೆ ಎಂದು ಸತ್ಯಪ್ಪ ಓದಿದ. "ಒಪ್ಪಿಗಿ ಇದ್ದಾವರು ಎರಡೂ ಕೈ ಮ್ಯಾಲ ಎತ್ತರಿ!"

ಹೊಲ ಉಳಿಸಿಕೊಂಡವರು ಕೈ ಎತ್ತಿದರು. ಮನೆ ಉಳಿಸಿಕೊಂಡವರು ಕೈ ಎತ್ತಿದರು. ಹೊಳೆಪ್ಪ ಬಾಯಲ್ಲಿ ಎಲೆ ಇದ್ದದ್ದರಿಂದ ಮಾತಾಡದೆ ಕೈ ಎತ್ತಿದ. ಫೋಟೋದವನು ಮುಂದೆ ಓಡಿ ಬಂದ. ಕ್ಯಾಮರಾ ಕಣ್ಣಿಗೆ ಹಚ್ಚಿ, ಕುಣಿದು, ಖುಷಿಯಿಂದ ಕೂಗಿದ.

"ಅಕ್ಕಾರ, ಲೈಟಿನ ಅಕ್ಕಾರ! ಹಂಗ ನಿಂದರ್ರಿ! ನಿಮ್ಮ ಕೈನೂ ಮ್ಯಾಲ ಅದಾವು. ಮಹಿಳಾ ಬೆಂಬಲ ಝಕಾಸ್ ಬರಾಕತ್ತೈತಿ!"

ಕಾಡವ್ವ ಕಣ್ಣಷ್ಟೇ ಎತ್ತಿ ಮೇಲೆ ನೋಡಿದಳು. ಹೌದು. ಅವಳ ಎರಡೂ ಕೈ ಮೇಲಿದ್ದವು. ಮೆರವಣಿಗೆ ಸುರುವಾದಾಗಿನಿಂದ ಮೇಲಿದ್ದವು. ಮದುವೆಯಾದ ವರ್ಷದಿಂದ ಮೇಲಿದ್ದವು. ಗುಡುಬಿಯ ಕೈ ಮೇಲಿದ್ದವು. ಎಂಟೂ ಹೆಂಗಸರ ಕೈ ಮೇಲಿದ್ದವು. ತಮ್ಮ ಮನೆ ಕೆಡವಲು ತಾವೇ ಎರಡೂ ಕೈ ಎತ್ತಿ ನಿಂತಿದ್ದರು.

ಅವಳ ಮೈಯಲ್ಲಿ ಏನೋ ಹರಿಯಿತು. ಸಿಟ್ಟು ಎಂದರೆ ಸಿಟ್ಟು. ನಾಚಿಕೆ ಎಂದರೆ ನಾಚಿಕೆ.

"ಗುಡುಬಿ, ಕೈ ಇಳಸು."

"ಲೈಟ ಬೀಳತಾವಲ್ಲ!"

"ಲೈಟೂ ಇಳಸು."

ಕಾಡವ್ವ ಮೊಣಕಾಲು ಮಡಚಿ ಕೂತಳು. ಚೌಕಟ್ಟನ್ನು ಮಗುವನ್ನು ಇಳಿಸಿದಂತೆ ಮೆಲ್ಲಗೆ ನೆಲಕ್ಕೆ ಇಳಿಸಿದಳು. ಎದ್ದು ನಿಂತು ಎರಡೂ ಕೈ ಕೆಳಗೆ ಬಿಟ್ಟಳು. ರಟ್ಟೆಗೆ ಇರುವೆ ಹರಿದ ಹಾಗಾಯಿತು. ಗುಡುಬಿಯೂ ಇಳಿಸಿದಳು. ವೈರು ಎಳೆದು ಹಿಡಿದಿದ್ದರಿಂದ ಪಕ್ಕದವಳೂ ಇಳಿಸಬೇಕಾಯಿತು. ಆಕೆಯ ಪಕ್ಕದವಳು ಯಾರೂ ಹೇಳದೆಯೇ ಇಳಿಸಿದಳು. ಎಂಟೂ ಬೆಳಕು ನೆಲ ಮುಟ್ಟಿದವು. ವೇದಿಕೆಯ ಮೇಲಿನವರ ಚಪ್ಪಲಿಗಳು ಝಗಝಗ ಹೊಳೆದವು. ಮುಖಗಳು ಕತ್ತಲಾದವು.

ನಬಿಲಾಲ ಓಡಿ ಬಂದ. ಒಳ್ಳೆಯವನು, ಅಂಜುಬುರುಕ. ಮೂರು ತಾಲೂಕಿನ ಮದುವೆಗಳ ಲೈಟಿನ ಕೆಲಸ ಸತ್ಯಪ್ಪನ ಬಾಯಿಮಾತಿನ ಮೇಲೆ ನಿಂತಿತ್ತು.

"ಕಾಡವ್ವಾ, ಎತ್ತವಾ. ನನ್ನ ಹೊಟ್ಟಿ ಮ್ಯಾಲ ಹೊಡಿಬ್ಯಾಡ."

"ಕಾಕಾ, ನಿನ್ನ ಒಂದ ಬಲ್ಬ ಒಡದಿಲ್ಲ. ನೆಲಕ್ಕ ಇಟ್ಟೀನಿ. ನೆಲಾ ಏನ ಕಡಿಯಂಗಿಲ್ಲ."

"ಎತ್ತಲೇ!" ಸತ್ಯಪ್ಪ ವೇದಿಕೆಯಿಂದ ಒದರಿದ. "ಮಾದರಾಕಿ, ಎಷ್ಟ ಸೊಕ್ಕ ನಿಂದು! ದೇಶ ಉದ್ಧಾರ ಆಗೂದ ಬ್ಯಾಡೇನ ನಿನಗ? ಅಣು ಬ್ಯಾಡೇನ?"

ಮೈಕು ಅವನ ಕೈಯಲ್ಲೇ ಇತ್ತು. ಆ 'ಮಾದರಾಕಿ' ಊರ ತುಂಬ ಕೇಳಿಸಿತು. ಕಾಡವ್ವನಿಗೆ ಮೈಕು ಬೇಕಾಗಲಿಲ್ಲ.

"ಅಣು ಬ್ಯಾಡ ಅನ್ನಾಕ ನಾ ಯಾರ್ರಿ? ಬಾಯಾರು ಹೇಳೂದು ಖರೆ ಇರಬೇಕು. ಹೊಗಿ ಆಗಬಾರದು, ಹೊಳಿ ಬರಬಾರದು. ಹೊಳಿ ಬಂದಾಗ ಮೊದಲ ಹೋಗಿದ್ದು ನಮ್ಮ ಮನಿ. ಈಗ ಹೊಳಿ ಬರಬಾರದಂತ ಏನ ಕಟ್ಟತೀರಿ, ಅದಕ್ಕೂ ಮೊದಲ ಹೋಗೂದು ನಮ್ಮ ಮನಿ. ಜಡ್ಡಿಗೂ ನಾವ, ಔಷಧಕ್ಕೂ ನಾವ. ಲೋಕಾ ಉಳಸ್ರಿ, ಬ್ಯಾಡ ಅನ್ನಂಗಿಲ್ಲ. ಆ ಲೋಕದಾಗ ನಾವು ಬರತೀವೋ ಇಲ್ಲೋ, ಅದನ್ನ ಹೇಳ್ರಿ."

ಹೇಳಬೇಕಾದವರು ಕತ್ತಲಲ್ಲಿದ್ದರು. ಎಂಟೂ ಹೆಂಗಸರು ಸಿಂಬಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮಡ್ಡಿಯ ಹಾದಿ ಹಿಡಿದರು.

ಮರುದಿನದ ಪೇಪರಿನಲ್ಲಿ 'ಕೊಣ್ಣೂರಿನಲ್ಲಿ ಸರ್ವಾನುಮತದ ಒಪ್ಪಿಗೆ' ಎಂದು ಸುದ್ದಿ ಬಂತು. ಫೋಟೋ ಮೂಡಲಗಿಯದು. ಅದರಲ್ಲಿ ಕಾಡವ್ವ ಎರಡೂ ಕೈ ಎತ್ತಿ ಮುಂದಿನ ಸಾಲಿನಲ್ಲೇ ನಿಂತಿದ್ದಳು.

ಕೆಲಸ ಹೋಯಿತು. ನಬಿಲಾಲ ಮಡ್ಡಿಗೆ ಬಂದು, ಹೊರಗೇ ನಿಂತು, "ಸಾವಕಾರ ನಿಮ್ಮನ್ನ ತಗಿ ಅಂತಾನವಾ. ನಾ ಏನ ಮಾಡ್ಲಿ?" ಅಂದ. ಚಹಾ ಕುಡಿಯಲೂ ನಿಲ್ಲಲಿಲ್ಲ. ಅವನು ಸಂಕೇಶ್ವರದ ಕಡೆಯಿಂದ ಬೇರೆ ಹೆಂಗಸರನ್ನು ತಂದ. ಇವರು ಕಳೆ ಕೀಳಲು, ಕಬ್ಬಿನ ಒಣಗರಿ ರವದಿ ಆರಿಸಲು ಹೋದರು. ಸತ್ಯಪ್ಪನ ಹೊಲ ಬಿಟ್ಟು ಉಳಿದ ಹೊಲಗಳಿಗೆ. ಹಾಗೆ ಉಳಿದ ಹೊಲಗಳು ಬಹಳ ಇರಲಿಲ್ಲ. ಎಷ್ಟೋ ಸಂಜೆ ಮಡ್ಡಿಯಲ್ಲಿ ಒಲೆ ಒಂದೇ ಉರಿಯಿತು, ಎಲ್ಲರ ಅಂಬಲಿಯೂ ಅದರ ಮೇಲೇ ಕುದಿಯಿತು. "ನಿನ್ನ ಬಾಯಿಗಿ ಬೆಂಕಿ ಹಾಕ" ಎಂದು ಮುದಕವ್ವ ಸೊಸೆಯನ್ನು ಬೈದಳು. ಬೈದು, ತನ್ನ ಪಾಲಿನ ಅಂಬಲಿಯಲ್ಲಿ ಅರ್ಧವನ್ನು ಅವಳ ಗಂಗಾಳಕ್ಕೆ ಸುರಿದಳು.

ಮಳೆ ಮುಗಿದ ಮೇಲೆ ಅಳತೆಯವರು ಬಂದರು. ಗುಡಿಸಲುಗಳ ನಡುವೆ ನಡೆದಾಡಿದರು. ಮುದಕವ್ವನ ಕೈಯಿಂದ ನೀರು ಇಸಿದುಕೊಂಡು ಕುಡಿದರು. ಆದರೆ ಅವರ ನಕ್ಷೆಯಲ್ಲಿ ಮುದಕವ್ವ ಇರಲಿಲ್ಲ. ಹಳದಿ ಬಣ್ಣ ಬಳಿದ, ಮೇಲೆ 'ಎ ಒಂದು', 'ಎ ಎರಡು' ಎಂದು ಅಂಕಿ ಬರೆದ ಚಪ್ಪಟೆ ಕಲ್ಲುಗಳನ್ನು ಅಲ್ಲಲ್ಲಿ ನೆಟ್ಟರು. ಒಂದು ಕಲ್ಲು ಗುಡುಬಿಯ ಬಚ್ಚಲಿನಲ್ಲಿ. ಒಂದು ಕಲ್ಲು ಕಾಡವ್ವನ ಬಾಗಿಲಲ್ಲೇ.

"ಬಾಗಿಲದಾಗ ಯಾಕ್ರೀ?"

"ನಕ್ಷೆದಾಗ ಬಾಗಿಲ ಇಲ್ಲವಾ" ಅಂದ ಅಳತೆಯವನು. ಪಾಪ, ಅವನದೇನು ತಪ್ಪು.

ಅವರ ಗಾಡಿ ಮರೆಯಾದ ಮೇಲೆ ಕಾಡವ್ವ ಕಲ್ಲಿನ ಮುಂದೆ ಕೂತಳು. ನೋಡಿದಳು. ಒಳ್ಳೆಯ ಕಲ್ಲು. ಬಟ್ಟೆ ಒಗೆಯಲು ಇಂಥದೊಂದು ಕಲ್ಲಿಗಾಗಿ ಮಡ್ಡಿಯೆಲ್ಲ ಹುಡುಕಿದ್ದಳು. ಹಾರೆ ತಂದು ಮೀಟಿದಳು. ಬರಲಿಲ್ಲ. ಗುಡುಬಿ ಬಂದಳು. ಇಬ್ಬರೂ ಸೇರಿ, ಉಸಿರು ಕಟ್ಟಿ, ಸೊಂಟ ಬಗ್ಗಿಸಿ ಮೀಟಿದರು. ಕಲ್ಲು ಕಿತ್ತು ಬಂತು. ಆ ವಾರದಲ್ಲಿ ಎ ಒಂದು ಕಲ್ಲಿನ ಮೇಲೆ ಬಟ್ಟೆ ಒಗೆದರು, ಎ ಎರಡರ ಮೇಲೆ ಕಾರ ಅರೆದರು, ಎ ನಾಲ್ಕರ ಮೇಲೆ ಮುದಕವ್ವ ಕೂತು ಬಿಸಿಲು ಕಾಯಿಸಿಕೊಂಡಳು. ಅಳತೆಯವರು ಮತ್ತೆ ಬಂದು ಮತ್ತೆ ನೆಟ್ಟರು. ಮಡ್ಡಿಯವರು ಮತ್ತೆ ಕಿತ್ತರು. ಮನೆ ಮನೆಗೆ ಕಲ್ಲಾಯಿತು.

ಸತ್ಯಪ್ಪ ಪೊಲೀಸರ ಕಡೆ ಓಡಿದ. ಆ ಸುದ್ದಿ ತಂದವನು ನಬಿಲಾಲ. ಈ ಸಲ ಅವನು ಒಳಗೆ ಬಂದು, ಎ ನಾಲ್ಕರ ಮೇಲೆ ಕೂತು, ಚಹಾ ಕುಡಿದ.

"ಠಾಣೆದಾಗ ನಾನೂ ಇದ್ನಿ, ಡಿಜೆ ಪರ್ಮಿಶನ್ ಕೇಳಾಕ ಹೋಗಿದ್ನಿ. ಸಾವಕಾರ ಅಂದ, ಮಡ್ಡಿ ಮ್ಯಾಲಿನ ಮಂದಿ ಕಲ್ಲ ಕೀಳಾಕತ್ತಾರ, ಕೇಸ್ ಹಾಕ್ರಿ ಅಂತ. ಹವಾಲ್ದಾರ ಬರಕೋಳಾಕ ಸುರು ಮಾಡಿದ. ಹೆಸರ ಕೇಳಿದ, ಸಾವಕಾರ ಹೇಳಿದ. ಇರೂದ ಎಲ್ಲಿ, ರಹವಾಸಿ ಎಲ್ಲಿ ಅಂತ ಕೇಳಿದ. ಮಡ್ಡಿ ಅಂದ. ಅಷ್ಟರಾಗ ಸಾವಕಾರಗ ಆ ಬಾಯಾರದು ಫೋನ್ ಬಂತು ನೋಡು! 'ಬರೆಸಬೇಡಿ, ಬರೆಸಬೇಡಿ! ಅವರು ಮಡ್ಡಿಯಲ್ಲಿ ವಾಸ ಇದ್ದಾರೆ ಅಂತ ನಾವೇ ಬರೆಸಿದರೆ ನಮ್ಮ ಮಂಜೂರಾತಿ ಬಿದ್ದುಹೋಗುತ್ತದೆ. ಅಲ್ಲಿ ಜನ ಇಲ್ಲ ಅಂತ ಬರೆದು ಕೊಟ್ಟಿದ್ದೇವೆ.' ಆ ಫೋನಿನ ದನಿ ನಾ ನಿಂತ ಮೂಲಿತನಕ ಕೇಳಸ್ತಿತ್ತು. ಸಾವಕಾರನ ಮುಖಾ ನೋಡಬೇಕಿತ್ತು ನೀ!"

ಗುಡುಬಿ ನಕ್ಕೂ ನಕ್ಕೂ ಕೆಮ್ಮಿದಳು. ಮುದಕವ್ವನಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಅವಳೂ ನಕ್ಕಳು. ಕಾಡವ್ವ ನಗಲಿಲ್ಲ. ಯೋಚಿಸುತ್ತಿದ್ದಳು.

ಎರಡು ದಿನ ಬಿಟ್ಟು ಬಿಳಿ ಗಾಡಿಯಲ್ಲಿ ಸತ್ಯಪ್ಪ ಮತ್ತು ಮೇಡಂ ಖುದ್ದಾಗಿ ಬಂದರು. ನಡುಹಗಲು. ಮೇಡಂ ಗಾಡಿಯಿಂದ ಇಳಿದು ಮೊದಲ ಸಲ ಆ ನೀಲಿ ಚುಕ್ಕೆಗಳನ್ನು ನೆಲದ ಮೇಲೆ ನಿಂತು ನೋಡಿದಳು. ಹೊಂಡಗಳಿಗೆ ಬಾಗಿಲಿದ್ದವು. ಬಾಗಿಲ ಮುಂದೆ ರಂಗೋಲಿ ಇತ್ತು. ಒಂದು ಹೊಂಡದಿಂದ ಒಗ್ಗರಣೆಯ ಘಾಟು ಬರುತ್ತಿತ್ತು. ಅವಳು ನಗುವುದನ್ನು ಮರೆತು ನಿಂತಳು. ಏನೋ ಹೇಳಲು ಬಾಯಿ ತೆರೆದಳು. ಹೇಳಿದರೆ ನೋಡಿದಂತಾಗುತ್ತದೆ. ನೋಡಿದರೆ ಬರೆಯಬೇಕಾಗುತ್ತದೆ. ಬಾಯಿ ಮುಚ್ಚಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡಳು.

ಕಾಡವ್ವ ಬಾಗಿಲ ಮುಂದೆ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಕಲ್ಲಿನ ಹಳದಿ ಬಣ್ಣ ಅರ್ಧ ಅಳಿಸಿತ್ತು. ಅಂಕಿ ಇನ್ನೂ ಕಾಣುತ್ತಿತ್ತು.

"ಏನಲೇ ಇದು?" ಸತ್ಯಪ್ಪ ಕಲ್ಲಿಗೆ ಬೆರಳು ಮಾಡಿ ಅಬ್ಬರಿಸಿದ. "ಕಂಪನಿ ಕಲ್ಲ ಯಾರ ಕಿತ್ತಿದ್ದ? ಹೇಳ! ಯಾರ ಕಿತ್ತಿದ್ದ?"

ಕಾಡವ್ವ ಎದ್ದಳು. ಕೈಯಲ್ಲಿ ನೀರು ಸುರಿಯುವ ಸೀರೆ. ಅವನ ಮುಖ ನೋಡಿದಳು. ಮೇಡಂ ಮುಖ ನೋಡಿದಳು. ಕನ್ನಡಕದಲ್ಲಿ ತಾನೇ ಕಂಡಳು, ಎರಡೆರಡು.

"ಯಾರ ಕೀಳತಾರ್ರಿ ಸಾವಕಾರ್ರ?" ಅಂದಳು. "ಇಲ್ಲಿ ಯಾರೂ ಇಲ್ಲಲ್ಲ."

ಅಂದು, ಸೀರೆಯನ್ನು ತಲೆಯ ಮೇಲೆತ್ತಿ ಕಲ್ಲಿಗೆ ಬಡಿದಳು. ಕೊಳೆ ನೀರು ಸತ್ಯಪ್ಪನ ಬಿಳಿ ಧೋತರದ ಸೊಂಟದವರೆಗೂ ಸಿಡಿಯಿತು.